ಅಡಿಕೆ ಧಾರಣೆಯ ಪಟ್ಟಿಯನ್ನು ಚಾಟ್ ಗುಂಪಿನಲ್ಲಿ ನೆಟ್ಟಗೆ ನಿಲ್ಲಿಸಿದ ಬಗೆ: ಕೆಲಸದ ದಾಖಲೆ

ನಮ್ಮ ಬೆಳೆಗಾರರ ಗುಂಪು ಮೂರು ಕಡೆ ಹರಡಿಕೊಂಡಿದೆ. ಹಿರಿಯರೆಲ್ಲ ವಾಟ್ಸ್‌ಆ್ಯಪ್‌ನಲ್ಲಿದ್ದಾರೆ. ಹಿಂದಿನ ವಾರಗಳ ಧಾರಣೆಯನ್ನು ಹುಡುಕಿ ನೋಡುವವರು ಟೆಲಿಗ್ರಾಂನಲ್ಲಿದ್ದಾರೆ. ಓದಿಗೆಂದು, ಕೆಲಸಕ್ಕೆಂದು ಬೆಂಗಳೂರು ಸೇರಿದ ಮಕ್ಕಳು ಡಿಸ್ಕಾರ್ಡ್‌ನಲ್ಲಿ ಇನ್ನೊಂದು ಕೋಣೆ ತೆರೆದುಕೊಂಡಿದ್ದಾರೆ. ಮೂರಕ್ಕೂ ಸಂಜೆ ಹೋಗಬೇಕಾದದ್ದು ಒಂದೇ ಪಟ್ಟಿ: ಶಿವಮೊಗ್ಗ, ಸಾಗರ, ಶಿರಸಿ, ಸಿದ್ದಾಪುರ, ಯಲ್ಲಾಪುರ ಮಾರುಕಟ್ಟೆಗಳ ಅಡಿಕೆ ಧಾರಣೆ, ಕನಿಷ್ಠ ಮತ್ತು ಗರಿಷ್ಠ. ಆ ಪಟ್ಟಿಯನ್ನು ಕೈಯಿಂದ ಬರೆಯುವುದನ್ನು ಬಿಟ್ಟು ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆದೆ. ಕೆಲಸ ಈಗ ಒಂದು ಹಂತಕ್ಕೆ ಬಂದು ನಿಂತಿದೆ. ಕನ್ನಡದಲ್ಲಿ ಇಂಥದ್ದನ್ನು ಕಟ್ಟಲು ಹೊರಟವರು ಅದೇ ಕಲ್ಲುಗಳನ್ನು ಮತ್ತೆ ಎಡವಬಾರದೆಂದು ಕ್ರಮವಾಗಿ ಬರೆದಿಡುತ್ತಿದ್ದೇನೆ. ಇಲ್ಲಿ ಬರುವ ಬೆಲೆಗಳೆಲ್ಲ ಮಾದರಿಗೆ ಮಾತ್ರ, ಯಾವುದೇ ದಿನದ ಧಾರಣೆಯಲ್ಲ.

1. ಸಾಮಗ್ರಿ, ಖರ್ಚು

ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪ್, ಅದರ ಮೇಲೆ ಲಿನಕ್ಸ್, ಪೈಥಾನ್, ಲಿಬ್ರೆ ಆಫೀಸ್ ಕ್ಯಾಲ್ಕ್ (ಲೆಕ್ಕದ ಹಾಳೆಯ ತಂತ್ರಾಂಶ). ಟೆಲಿಗ್ರಾಂ ಬಾಟ್‌ಗೆ (ತಾನಾಗಿಯೇ ಸಂದೇಶ ಕಳುಹಿಸುವ ಖಾತೆ) ಶುಲ್ಕವಿಲ್ಲ. ಬಾಟ್‌ಫಾದರ್ ಎಂಬ ಖಾತೆಗೆ ಸಂದೇಶ ಕಳುಹಿಸಿ ಹೆಸರು ಕೊಟ್ಟರೆ ಟೋಕನ್, ಅಂದರೆ ಬಾಟ್ ನಡೆಸಲು ಬೇಕಾದ ಗುಪ್ತ ಕೀಲಿ, ಸಿಗುತ್ತದೆ. ಡಿಸ್ಕಾರ್ಡ್‌ಗೆ ವೆಬ್‌ಹುಕ್ (ಹೊರಗಿನ ಪ್ರೋಗ್ರಾಂ ಸಂದೇಶ ಹಾಕಬಹುದಾದ ವಿಳಾಸ) ಸಾಕಾಯಿತು. ಹಣ ಖರ್ಚಾದದ್ದು ಲ್ಯಾಪ್‌ಟಾಪಿನ ಬ್ಯಾಟರಿಗೆ ಮಾತ್ರ, 1,900 ರೂಪಾಯಿ. ಮಳೆಗಾಲದಲ್ಲಿ ನಮ್ಮಲ್ಲಿ ಸಂಜೆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವುದರಿಂದ ಅದನ್ನು ತಪ್ಪಿಸಲು ಆಗಲಿಲ್ಲ. ಪರೀಕ್ಷೆಗೆ ಮನೆಯವರ, ನೆರೆಯವರ ಫೋನ್‌ಗಳನ್ನೇ ಕೇಳಿ ತಂದೆ: ಹಳೆಯ ಆಂಡ್ರಾಯ್ಡ್, ಹೊಸ ಆಂಡ್ರಾಯ್ಡ್, ಒಂದು ಐಫೋನ್. ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಿಗೆ ಬಂದ ಸಲಕರಣೆ ಆ ಹಳೆಯ ಫೋನೇ.

ರಾಜ್ಯದ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆವಾರು ಬೆಲೆ ಸಿಗುತ್ತದೆ. ಅದನ್ನೂ ಪರಿಚಯದ ವರ್ತಕರು ಕಳುಹಿಸುವ ಟಿಪ್ಪಣಿಯನ್ನೂ ತಾಳೆ ನೋಡಿ ಕ್ಯಾಲ್ಕ್‌ನಲ್ಲಿ ತುಂಬುತ್ತೇನೆ. ಹಾಳೆಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಕಾಲಂ ಬೇರ್ಪಡಿಸುವ ಸರಳ ಕಡತ) ಆಗಿ ಉಳಿಸುವಾಗ ಎರಡು ಎಚ್ಚರ ಬೇಕು. ಬೆಲೆಯಲ್ಲಿ ಅಲ್ಪವಿರಾಮ ಹಾಕಬೇಡಿ, 48500 ಎಂದೇ ಬರೆಯಿರಿ, ವಿರಾಮವನ್ನು ಪ್ರೋಗ್ರಾಂ ಹಾಕಲಿ. ಎಕ್ಸೆಲ್‌ನಲ್ಲಿ ಉಳಿಸಿದ ಕಡತವಾದರೆ ಮೊದಲ ಕಾಲಂನ ಹೆಸರಿನ ಮುಂದೆ ಕಣ್ಣಿಗೆ ಕಾಣದ ಒಂದು ಗುರುತು ಕುಳಿತಿರುತ್ತದೆ, 'ಮಾರುಕಟ್ಟೆ' ಎಂಬ ಕಾಲಮೇ ಇಲ್ಲವೆಂದು ಪೈಥಾನ್ ಹೇಳುತ್ತದೆ. ಕಡತವನ್ನು ಯುಟಿಎಫ್-8-ಸಿಗ್ (utf-8-sig) ಎಂಬ ಅಕ್ಷರ ಸಂಕೇತ ಕ್ರಮದಲ್ಲಿ ತೆರೆದರೆ ಸರಿಹೋಗುತ್ತದೆ.

2. ಒಂದೇ ನಕ್ಷತ್ರ, ಮೂರು ಅರ್ಥ

ಮೊದಲ ಆವೃತ್ತಿಯಲ್ಲಿ ಗುರುತುಗಳನ್ನು ಹಾಳೆಯಲ್ಲೇ ಬರೆದಿದ್ದೆ: *ಶಿರಸಿ*, *ಸಾಗರ* ಎಂದು. ವಾಟ್ಸ್‌ಆ್ಯಪ್‌ನಲ್ಲಿ ಅದು ದಪ್ಪಕ್ಷರವಾಗುತ್ತದೆ. ಡಿಸ್ಕಾರ್ಡ್‌ನಲ್ಲಿ ಒಂಟಿ ನಕ್ಷತ್ರವೆಂದರೆ ಓರೆ ಅಕ್ಷರ, ದಪ್ಪಕ್ಕೆ ಎರಡೆರಡು ಬೇಕು. ಟೆಲಿಗ್ರಾಂ ಆ್ಯಪ್‌ನಲ್ಲಿ ಕೈಯಿಂದ ಬರೆದರೆ ದಪ್ಪಕ್ಕೆ ಎರಡು ನಕ್ಷತ್ರ, ಅದೇ ಟೆಲಿಗ್ರಾಂಗೆ ಬಾಟ್ ಮೂಲಕ ಮಾರ್ಕ್‌ಡೌನ್‌ನಲ್ಲಿ (ಚಿಹ್ನೆಗಳಿಂದ ಅಕ್ಷರದ ರೂಪ ಸೂಚಿಸುವ ಬಗೆ) ಕಳುಹಿಸಿದರೆ ಒಂದು. ಎರಡು ಅಡಿಗೆರೆಯ __ಹೀಗೆ__ ಎಂಬ ಗುರುತು ಡಿಸ್ಕಾರ್ಡ್‌ನಲ್ಲಿ ಅಡಿಗೆರೆ ಎಳೆಯುತ್ತದೆ, ಟೆಲಿಗ್ರಾಂ ಆ್ಯಪ್‌ನಲ್ಲಿ ಓರೆ ಮಾಡುತ್ತದೆ.

ಆದ್ದರಿಂದ ಹಾಳೆಯಿಂದ ಗುರುತುಗಳನ್ನೆಲ್ಲ ತೆಗೆದು ಹಾಕಿದೆ. ಹಾಳೆಯಲ್ಲಿ ಈಗ ವಿಷಯ ಮಾತ್ರ ಇದೆ. ಪ್ರೋಗ್ರಾಂನಲ್ಲಿ ಶೀರ್ಷಿಕೆ, ಸಾಲು, ಟಿಪ್ಪಣಿ ಎಂಬ ಮೂರೇ ಬಗೆ. ಪ್ರತಿಯೊಂದನ್ನೂ ಆಯಾ ಜಾಗದ ಗುರುತಿನಲ್ಲಿ ಬರೆದುಕೊಡುವ ಮೂರು ತುಣುಕುಗಳು ಬೇರೆ ಬೇರೆ ಇವೆ. ನಾಳೆ ನಾಲ್ಕನೆಯ ಆ್ಯಪ್ ಬಂದರೂ ಹಾಳೆಯನ್ನು ಮುಟ್ಟಬೇಕಾಗಿಲ್ಲ. ಇದನ್ನು ಮೊದಲ ದಿನವೇ ಮಾಡಿಕೊಂಡರೆ ಮುಂದಿನ ಅರ್ಧ ಕಷ್ಟ ತಪ್ಪುತ್ತದೆ.

3. ಟೆಲಿಗ್ರಾಂ ಸಂದೇಶ ಹೋಗಲೇ ಇಲ್ಲ

ಬಾಟ್‌ಗೆ ಮಾರ್ಕ್‌ಡೌನ್‌ನ ಎರಡನೆಯ ಆವೃತ್ತಿಯನ್ನು ಆರಿಸಿದ್ದೆ. ಸಂದೇಶ ಹೋಗದೆ 400 ಎಂಬ ದೋಷ ಬಂತು. ಆ ಬಗೆಯಲ್ಲಿ ಚುಕ್ಕಿ, ಅಡ್ಡಗೆರೆ, ಆವರಣ, ಆಶ್ಚರ್ಯಸೂಚಕ, ಕೂಡುವ ಚಿಹ್ನೆ ಇವೆಲ್ಲ ಕಾದಿರಿಸಿದ ಚಿಹ್ನೆಗಳು, ಪ್ರತಿಯೊಂದಕ್ಕೂ ಮೊದಲು ಹಿಂಓರೆಗೆರೆ \ ಇರಬೇಕು. ನಮ್ಮ ಪಟ್ಟಿಯಲ್ಲಿ 'ರೂ.' ಎಂಬಲ್ಲಿ ಚುಕ್ಕಿ, ತಾರೀಖಿನಲ್ಲಿ ಅಡ್ಡಗೆರೆ, 'ಹಳೆಯದು (ಒಣ)' ಎಂಬಲ್ಲಿ ಆವರಣ. ಒಂದು ತಪ್ಪಿದರೂ ಇಡೀ ಸಂದೇಶ ಬಿದ್ದುಹೋಗುತ್ತದೆ.

ಎಚ್‌ಟಿಎಂಎಲ್ (ಜಾಲತಾಣಗಳಲ್ಲಿ ಬಳಸುವ ಗುರುತುಗಳು) ಬಗೆಗೆ ಬದಲಾಯಿಸಿದೆ. ಅಲ್ಲಿ ಬೇರೆ ರೂಪದಲ್ಲಿ ಬರೆಯಬೇಕಾದದ್ದು <, >, & ಈ ಮೂರು ಮಾತ್ರ, ಪೈಥಾನ್‌ನಲ್ಲಿ ಅದಕ್ಕೆ ಸಿದ್ಧ ಸೂತ್ರವೇ ಇದೆ. ಅದಾದ ಮೇಲೂ ಒಮ್ಮೆ ಸಂದೇಶ ಬಿತ್ತು. ವರ್ತಕರೊಬ್ಬರು ಟಿಪ್ಪಣಿಯಲ್ಲಿ '<46000 ಆದರೆ ಕೊಡಬೇಡಿ' ಎಂದು ಬರೆದಿದ್ದರು, ಆ ಒಂದು ಕಾಲಂ ಸೂತ್ರದ ಮೂಲಕ ಹಾಯ್ದಿರಲಿಲ್ಲ. ಈಗ ಹೊರಗಿನಿಂದ ಬಂದ ಯಾವ ಪಠ್ಯವೂ ಶುದ್ಧಿಯಾಗದೆ ಒಳಗೆ ಬರುವುದಿಲ್ಲ.

ಉದ್ದದ ಮಿತಿಯೂ ಇಲ್ಲೇ ಎದುರಾಯಿತು. ಟೆಲಿಗ್ರಾಂನಲ್ಲಿ ಒಂದು ಸಂದೇಶಕ್ಕೆ 4096, ಡಿಸ್ಕಾರ್ಡ್‌ನಲ್ಲಿ 2000. ದಿನದ ಪಟ್ಟಿ ಅದರೊಳಗೆ ಸಲೀಸಾಗಿ ಕೂರುತ್ತದೆ, ವಾರದ ಪಟ್ಟಿ ಕೂರುವುದಿಲ್ಲ. ಲೆಕ್ಕ ಹಾಕಿ ನಡುವೆ ಕತ್ತರಿಸಿದರೆ 'ಬೆಟ್ಟೆ' ಎಂಬ ಅಡಿಕೆಯ ಬಗೆಯ ಹೆಸರು ಒಡೆದು ಒಂದು ಸಂದೇಶ 'ಬೆಟ್' ಎಂದು ಮುಗಿದು ಮುಂದಿನದು 'ಟೆ' ಎಂದು ಶುರುವಾಗುತ್ತದೆ. ಕತ್ತರಿ ಸ್ವರಚಿಹ್ನೆಗೆ ಮೊದಲು ಬಿದ್ದರೆ ಎರಡನೆಯ ಸಂದೇಶದ ತಲೆಯಲ್ಲಿ ಚುಕ್ಕೆಗಳ ವೃತ್ತವೊಂದು ಕಾಣುತ್ತದೆ. ಮಾರುಕಟ್ಟೆ ಮುಗಿದಲ್ಲಿ ಮಾತ್ರ ಕತ್ತರಿಸುವುದು ಎಂದು ನಿಯಮ ಮಾಡಿದೆ.

4. ಕಾಲಂಗಳು

ಹೆಚ್ಚು ಹೊತ್ತು ತಿಂದದ್ದು ಇದು. ಎಡಕ್ಕೆ ಅಡಿಕೆಯ ಬಗೆ (ರಾಶಿ, ಚಾಲಿ, ಕೆಂಪುಗೋಟು, ಗೊರಬಲು, ತಟ್ಟಿಬೆಟ್ಟೆ ಇತ್ಯಾದಿ), ನಡುವೆ ಕನಿಷ್ಠ, ಬಲಕ್ಕೆ ಗರಿಷ್ಠ ಎಂದು ಮೂರು ಕಾಲಂ ಬೇಕಿತ್ತು. ಮೂರೂ ಆ್ಯಪ್‌ಗಳು ``` ಈ ಗುರುತಿನ ನಡುವೆ ಸಮಅಗಲದ ಅಕ್ಷರ ಕೊಡುತ್ತವೆ. ಹೆಸರಿನ ಬಲಕ್ಕೆ ಖಾಲಿ ಜಾಗ ತುಂಬಿ ಪ್ರತಿ ಹೆಸರನ್ನೂ 12ರ ಅಗಲಕ್ಕೆ ತರಲು ಪೈಥಾನ್‌ಗೆ ಹೇಳಿದೆ. ಗುಂಪಿನಲ್ಲಿ ನೋಡಿದರೆ ಕಾಲಂಗಳು ಮಳೆಗಾಲ ಕಳೆದ ಬೇಲಿಯಂತೆ ಅತ್ತ ಇತ್ತ ವಾಲಿಕೊಂಡಿದ್ದವು. ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿದರು: "ತಂಗೀ, ಈ ಅಂಕಿ ಕೆಂಪುಗೋಟಿಗೆ ಸೇರಿದ್ದೋ ಕೆಳಗಿನ ಚಾಲಿಗೆ ಸೇರಿದ್ದೋ ತಿಳಿಯುತ್ತಿಲ್ಲ. ತಪ್ಪು ಓದಿಕೊಂಡು ಯಾರಾದರೂ ಮಾರಿಬಿಟ್ಟರೆ?" ಆ ಮಾತು ನಿಜ. ಧಾರಣೆಯ ಪಟ್ಟಿಯಲ್ಲಿ ಅಂಕಿ ಒಂದು ಸಾಲು ಜಾರಿದರೆ ಅದು ನೋಟದ ದೋಷವಾಗಿ ಉಳಿಯುವುದಿಲ್ಲ, ಒಬ್ಬರ ವರ್ಷದ ದುಡಿಮೆಗೆ ತಗಲುತ್ತದೆ.

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಯೂನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಕ್ರಮ) ವ್ಯಂಜನ, ಸ್ವರಚಿಹ್ನೆ, ಹಲಂತ ಎಲ್ಲಕ್ಕೂ ಒಂದೊಂದು ಸಂಖ್ಯೆ. 'ಗೊರಬಲು' ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಪೈಥಾನ್‌ಗೆ 6. 'ಕೆಂಪುಗೋಟು' ಕೂಡ ಕಣ್ಣಿಗೆ ನಾಲ್ಕೇ, ಪೈಥಾನ್‌ಗೆ 9. 'ತಟ್ಟಿಬೆಟ್ಟೆ' ಕೂಡ ನಾಲ್ಕೇ, ಪೈಥಾನ್‌ಗೆ 11. ಹೀಗಾಗಿ ಗೊರಬಲಿನ ಮುಂದೆ ಆರು ಖಾಲಿ ಜಾಗ ಬಿದ್ದರೆ ತಟ್ಟಿಬೆಟ್ಟೆಯ ಮುಂದೆ ಒಂದೇ ಬೀಳುತ್ತಿತ್ತು.

ಎರಡನೆಯ ಯತ್ನ: ಸಂಖ್ಯೆಗಳ ಬದಲು ಅಕ್ಷರಗುಚ್ಛಗಳನ್ನು (ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ಗುಂಪುಗಳನ್ನು) ಎಣಿಸುವುದು. ಸ್ವರಚಿಹ್ನೆಗಳ ಲೆಕ್ಕ ಸರಿಹೋಯಿತು, ಒತ್ತಕ್ಷರದ್ದು ಆಗಲಿಲ್ಲ. ನಾನು ಬಳಸಿದ ಉಪಕರಣ 'ಬೆಟ್ಟೆ'ಯನ್ನು ಬೆ, ಟ್, ಟೆ ಎಂದು ಮೂರಾಗಿ ಒಡೆಯಿತು. ಹಲಂತದ ನಂತರ ವ್ಯಂಜನ ಬಂದರೆ ಒಂದೇ ಎಂದು ನಾನೇ ನಿಯಮ ಸೇರಿಸಿದೆ. ಎಣಿಕೆ ಈಗ ಪೂರ್ತಿ ಸರಿ, ಕಾಲಂ ಮಾತ್ರ ಇನ್ನೂ ಸೊಟ್ಟ. ಏಕೆಂದರೆ ಫೋನಿನ ಸಮಅಗಲದ ಫಾಂಟ್‌ನಲ್ಲಿ ಕನ್ನಡವೇ ಇಲ್ಲ. ಕನ್ನಡ ಅಕ್ಷರ ಬಂದಾಗ ಫೋನ್ ತನ್ನ ಮಾಮೂಲಿ ಕನ್ನಡ ಫಾಂಟ್ ಅನ್ನು ಎಳೆದು ತರುತ್ತದೆ, ಅದರಲ್ಲಿ 'ರ'ದ ಅಗಲ ಬೇರೆ, 'ಯ'ದ ಅಗಲ ಬೇರೆ.

ಮೂರನೆಯ ಯತ್ನ: ಅಗಲವನ್ನೇ ಅಳೆಯುವುದು. ಪೈಥಾನ್‌ಗೆ ಸಿಗುವ ಪಿಲ್ಲೊ ಎಂಬ ಚಿತ್ರದ ಉಪಕರಣದಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿ ಪ್ರತಿ ಹೆಸರಿನ ಅಗಲವನ್ನು ಪಿಕ್ಸೆಲ್‌ಗಳಲ್ಲಿ ಅಳೆದು, ಅದಕ್ಕೆ ತಕ್ಕ ತೆಳು ಖಾಲಿ ಜಾಗಗಳನ್ನು ತುಂಬಿದೆ. (ರಾಕ್ಮ್ ಎಂಬ ಜೋಡಣಾ ಉಪಕರಣ ಇಲ್ಲದೆ ಅಳೆದರೆ ಒತ್ತುಗಳು ಬಿಡಿಬಿಡಿಯಾಗಿ ನಿಂತು ಅಳತೆಯೇ ತಪ್ಪುತ್ತದೆ.) ನನ್ನ ಫೋನಿನಲ್ಲಿ ಪಟ್ಟಿ ನೆಟ್ಟಗೆ ನಿಂತಿತು. ಐಫೋನಿನಲ್ಲಿ ಕನ್ನಡ ಸಂಗಮ್ ಫಾಂಟ್, ಅಲ್ಲಿ ಮತ್ತೆ ಸೊಟ್ಟ. ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡಿದ್ದ ಹಳೆಯ ಫೋನಿನಲ್ಲಿ ಸಾಲೇ ಮುರಿದು ಗರಿಷ್ಠ ಬೆಲೆ ಕೆಳಗಿನ ಸಾಲಿಗೆ ಇಳಿಯಿತು. ಓದುವವರ ಫೋನ್ ಯಾವುದೆಂದು ತಿಳಿಯದೆ ಅಳತೆ ತೆಗೆದು ಪ್ರಯೋಜನವಿಲ್ಲ.

ಚಿತ್ರ ಮಾಡಿ ಕಳುಹಿಸಬಹುದಲ್ಲ ಎಂದು ಹಲವರು ಹೇಳಿದರು. ಒಂದು ವಾರ ಹಾಗೆಯೇ ಕಳುಹಿಸಿದೆ ಕೂಡ. ನೋಡಲು ಚೆನ್ನಾಗಿತ್ತು. ಆದರೆ ಹುಡುಕಿದರೆ ಸಿಗುವುದಿಲ್ಲ, ಒಂದು ಸಾಲನ್ನು ನಕಲಿಸಿ ಮನೆಯವರಿಗೆ ಕಳುಹಿಸಲು ಬರುವುದಿಲ್ಲ, ತೆರೆ ಓದುವ ಸಾಧನ ಬಳಸುವವರಿಗೆ ಅದು ಖಾಲಿ ಹಾಳೆ. ಕನ್ನಡ ಪಠ್ಯವನ್ನು ಚಿತ್ರವಾಗಿಸಿ ಹಂಚುವ ಅಭ್ಯಾಸ ನಮ್ಮಲ್ಲಿ ಬಹಳ ಬೇರೂರಿದೆ, ಅದರಿಂದ ಎಷ್ಟು ಮಾಹಿತಿ ಹುಡುಕಾಟಕ್ಕೆ ಸಿಗದಂತಾಗಿದೆ ಎಂದು ಯೋಚಿಸಿದರೆ ಬೇಸರವಾಗುತ್ತದೆ. ಚಿತ್ರವನ್ನು ಕೈಬಿಟ್ಟೆ.

ಕೊನೆಗೆ ನಿಂತ ಉಪಾಯ ಬಹಳ ಸರಳ. ಅಂಕಿಗಳನ್ನು ಎಡಕ್ಕೆ ತಂದೆ, ಹೆಸರನ್ನು ಸಾಲಿನ ಕೊನೆಗೆ ಕಳುಹಿಸಿದೆ.

```
46,100  48,500  ರಾಶಿ
51,000  54,200  ಬೆಟ್ಟೆ
33,400  37,900  ಚಾಲಿ
25,500  29,800  ಕೆಂಪುಗೋಟು
```

ಸಮಅಗಲದ ಫಾಂಟ್‌ನಲ್ಲಿ 0ರಿಂದ 9ರವರೆಗಿನ ಅಂಕಿಗಳಿವೆ, ಅಲ್ಪವಿರಾಮವಿದೆ, ಖಾಲಿ ಜಾಗವಿದೆ. ಅವು ಎಲ್ಲ ಫೋನಿನಲ್ಲೂ ಕದಲದೆ ನಿಲ್ಲುತ್ತವೆ. ಕನ್ನಡದ ಹೆಸರು ಎಷ್ಟು ಅಗಲವಾದರೂ ಅದರ ಬಲಕ್ಕೆ ಏನೂ ಇಲ್ಲದ ಕಾರಣ ಯಾವುದನ್ನೂ ತಳ್ಳುವುದಿಲ್ಲ. ಬೆಲೆ ಇಲ್ಲದ ದಿನ ಅಂಕಿಯ ಜಾಗದಲ್ಲಿ ಮಾಮೂಲಿ ಅಡ್ಡಗೆರೆಯನ್ನೇ ಹಾಕಬೇಕು. ಉದ್ದ ಗೆರೆ ಹಾಕಿದರೆ ಕೆಲವು ಫೋನ್‌ಗಳಲ್ಲಿ ಅದು ಬೇರೆ ಫಾಂಟ್‌ನಿಂದ ಬಂದು ಅಗಲ ಕೆಡುತ್ತದೆ. ಕನ್ನಡ ಅಂಕಿಗಳನ್ನೂ ಹಾಕಿ ನೋಡಿದೆ, ನನಗೆ ಅವು ಇಷ್ಟ. ೪೮,೫೦೦ ಎಂದು ಬರೆದರೆ ಅದೂ ಕನ್ನಡ ಫಾಂಟ್‌ಗೆ ಹಾರಿ ಕಾಲಂ ಮತ್ತೆ ಅಲುಗುತ್ತದೆ. ಆದ್ದರಿಂದ ಕನ್ನಡ ಅಂಕಿಯನ್ನು ಮೇಲಿನ ತಾರೀಖಿನ ಸಾಲಿಗೆ ಮಾತ್ರ ಉಳಿಸಿಕೊಂಡಿದ್ದೇನೆ.

ಈ ರೂಪ ಟೆಲಿಗ್ರಾಂ, ಡಿಸ್ಕಾರ್ಡ್ ಎರಡರಲ್ಲೂ ನಡೆಯುತ್ತಿದೆ. ವಾಟ್ಸ್‌ಆ್ಯಪ್‌ನಲ್ಲೂ ನೆಟ್ಟಗೆ ನಿಲ್ಲುತ್ತದೆ, ಆದರೆ ಅಲ್ಲಿನ ಹಿರಿಯರಿಗೆ ಹೆಸರು ಮೊದಲು ಬೇಕು. "ಮೊದಲು ಯಾವ ಅಡಿಕೆ ಹೇಳು, ಆಮೇಲೆ ಬೆಲೆ ಹೇಳು" ಎಂಬುದು ಮಂಡಿಯಲ್ಲಿ ನಿಂತು ಕೇಳಿ ಬಂದ ಕ್ರಮ, ಅದನ್ನು ಬದಲಿಸುವುದು ನನ್ನ ಕೆಲಸವಲ್ಲ. ಅಲ್ಲಿ ಕಾಲಂನ ಆಸೆಯನ್ನೇ ಬಿಟ್ಟು, 'ರಾಶಿ: 46,100 ರಿಂದ 48,500' ಎಂದು ಒಂದೊಂದು ಬಗೆಗೆ ಒಂದೊಂದು ಸಾಲು ಕೊಟ್ಟೆ. ಅಂಕಿ ಯಾವ ಹೆಸರಿನದು ಎಂಬ ಪ್ರಶ್ನೆ ಆಮೇಲೆ ಬಂದಿಲ್ಲ.

5. ನುಡಿಯಿಂದ ಬಂದ ಪಠ್ಯ

ಒಂದು ಕಡೆಯಿಂದ ಬರುವ ಟಿಪ್ಪಣಿ ಇನ್ನೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲೇ ಇರುತ್ತದೆ. ವರ್ಡ್‌ನಲ್ಲಿ ಕನ್ನಡವಾಗಿ ಕಾಣುವ ಅದು ಚಾಟ್‌ಗೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಯೂನಿಕೋಡ್‌ಗೆ ತಿರುಗಿಸುವ ಮುಕ್ತ ತಂತ್ರಾಂಶಗಳು ಸಿಗುತ್ತವೆ. ನಾನು ಮೊದಲು ಕೈಯಾರೆ ಬರೆದ ಪರಿವರ್ತಕ ಅಕ್ಷರಕ್ಕೆ ಅಕ್ಷರ ಬದಲಿಸುತ್ತಿತ್ತು, ಅದರಿಂದ ತೀರ್ಥಹಳ್ಳಿ 'ತೀಥರ್ಹಳ್ಳಿ' ಆಯಿತು. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ 'ಥ' ಆದ ಮೇಲೆ ಇಡುತ್ತಾರೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು ಬರಬೇಕು. ಅರ್ಕಾವತ್ತನ್ನು ಹಿಂದಿನ ಅಕ್ಷರಕ್ಕಿಂತ ಮೊದಲು ಬರುವಂತೆ ಸರಿಸುವ ಹೆಜ್ಜೆ ಸೇರಿಸಿದ ಮೇಲೆ ವರ್ತಕ, ಮಾರ್ಚ್, ತೀರ್ಥಹಳ್ಳಿ ಮೂರೂ ಸರಿಬಂದವು. ಈ ಮೂರು ಪದಗಳನ್ನು ಪರೀಕ್ಷೆಯ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೇನೆ, ಪ್ರೋಗ್ರಾಂ ಬದಲಿಸಿದಾಗಲೆಲ್ಲ ಮೊದಲು ಇವನ್ನು ಹಾಯಿಸಿ ನೋಡುತ್ತೇನೆ.

ಇದರ ಜೊತೆಗೇ ಇನ್ನೊಂದು ತೊಂದರೆ ಹುಟ್ಟಿತು. ನಕಲಿಸಿ ತಂದ ಪಠ್ಯದಲ್ಲಿ ಅಡಗಿರುವ ಕಾಣದ ಚಿಹ್ನೆಗಳನ್ನೆಲ್ಲ ಅಳಿಸುವ ಒಂದು ಸಾಲು ಬರೆದಿದ್ದೆ. ಮರುದಿನ 'ಕ್ವಿಂಟಾಲ್‌ಗೆ' ಎಂಬುದು 'ಕ್ವಿಂಟಾಲ್ಗೆ' ಎಂದು ಒತ್ತಾಗಿ ಕಾಣಿಸಿತು. ಲ್ ಮತ್ತು ಗೆ ಕೂಡಿಕೊಳ್ಳದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆಯೂ, ಯೂನಿಕೋಡ್ ಸಂಖ್ಯೆ 200ಸಿ, ಕಾಣದ ಚಿಹ್ನೆಗಳ ಗುಂಪಿಗೇ ಸೇರಿದೆ. ಕನ್ನಡಕ್ಕೆ ಅದು ಬೇಕೇ ಬೇಕು. ಅದನ್ನೂ, ರ್‍ಯ ಬರೆಯಲು ಬೇಕಾದ 200ಡಿಯನ್ನೂ ಉಳಿಸಿ ಮಿಕ್ಕವನ್ನು ಅಳಿಸುವಂತೆ ತಿದ್ದಿದೆ. ಬೇರೆ ಭಾಷೆಯವರು ಬರೆದ ಶುದ್ಧಿಯ ತುಣುಕುಗಳನ್ನು ಹಾಗೆಯೇ ತಂದು ಹಾಕಿಕೊಳ್ಳುವವರು ಇದನ್ನು ಮೊದಲು ನೋಡಬೇಕು.

6. ದಪ್ಪ, ಓರೆ, ವಿಭಕ್ತಿ

ಓರೆ ಅಕ್ಷರವನ್ನು ಪೂರ್ತಿ ತೆಗೆದೆ. ನಾನು ನೋಡಿದ ಫೋನ್‌ಗಳಲ್ಲಿ ಕನ್ನಡಕ್ಕೆಂದು ಬರೆದ ಓರೆ ಫಾಂಟ್ ಇಲ್ಲ, ನೇರ ಅಕ್ಷರವನ್ನೇ ಬಲವಂತವಾಗಿ ಬಾಗಿಸುತ್ತವೆ. ಒತ್ತಕ್ಷರ ಪಕ್ಕದ ಅಕ್ಷರಕ್ಕೆ ತಗಲುತ್ತದೆ, ಸಣ್ಣ ತೆರೆಯಲ್ಲಿ ಓದಲು ಕಷ್ಟ. ಒತ್ತಿ ಹೇಳಬೇಕಾದಲ್ಲಿ ಉದ್ಧರಣ ಚಿಹ್ನೆ ಸಾಕು.

ದಪ್ಪಕ್ಷರವನ್ನು ಮೊದಲು ಮಾರುಕಟ್ಟೆಗೆ, ಬಗೆಗೆ, ಗರಿಷ್ಠ ಬೆಲೆಗೆ, ಏರಿಳಿತಕ್ಕೆ ಎಲ್ಲಕ್ಕೂ ಹಾಕಿದ್ದೆ. ಇಡೀ ಸಂದೇಶ ಕಪ್ಪಾಗಿ ಯಾವುದೂ ಎದ್ದು ಕಾಣದಾಯಿತು. ಈಗ ಮಾರುಕಟ್ಟೆಯ ಹೆಸರಿಗೆ ಮಾತ್ರ ದಪ್ಪ.

ವಾಟ್ಸ್‌ಆ್ಯಪ್‌ನಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. '*ಶಿರಸಿ*ಯಲ್ಲಿ' ಎಂದು ಬರೆದರೆ ಕೊನೆಯ ನಕ್ಷತ್ರಕ್ಕೆ ಅಕ್ಷರ ಅಂಟಿಕೊಂಡಿರುವುದರಿಂದ ನಮ್ಮ ಫೋನ್‌ಗಳಲ್ಲಿ ದಪ್ಪವಾಗದೆ ನಕ್ಷತ್ರಗಳೇ ಉಳಿದವು. 'ಸಾಗರದಲ್ಲಿ', 'ಯಲ್ಲಾಪುರಕ್ಕೆ' ಎಂದು ವಿಭಕ್ತಿ ಹೆಸರಿಗೇ ಅಂಟಿ ಬರುವ ಭಾಷೆಗೆ ಇದು ದಿನವೂ ಎದುರಾಗುತ್ತದೆ. ಟೆಲಿಗ್ರಾಂನ ಎಚ್‌ಟಿಎಂಎಲ್‌ನಲ್ಲಿ ಪದದ ನಡುವೆ ದಪ್ಪ ನಿಲ್ಲಿಸಬಹುದು, ಆದರೆ 'ಶಿವಮೊಗ್ಗ'ದಂತೆ ಪ್ರತ್ಯಯ ಸೇರಿದಾಗ ಕೊನೆಯ ಅಕ್ಷರ ಬದಲಾಗದ ಹೆಸರಾದರೆ ಮಾತ್ರ ಅಂದ. 'ಬೆಂಗಳೂರಿನ' ಎಂಬಲ್ಲಿ ವ್ಯಂಜನಕ್ಕೂ ಅದರ ಗುಡಿಸಿಗೂ ನಡುವೆ ಗುರುತು ಬಂದರೆ ಅಕ್ಷರವೇ ಒಡೆಯುತ್ತದೆ. ಪರಿಹಾರ ವಾಕ್ಯದಲ್ಲಿದೆ. ಹೆಸರನ್ನು ಪ್ರಥಮಾ ವಿಭಕ್ತಿಯಲ್ಲಿ ಒಂಟಿಯಾಗಿ ಸಾಲಿನ ತಲೆಯಲ್ಲಿ ಇಡುವುದು, ಹೇಳಬೇಕಾದ ಮಾತನ್ನು ಮುಂದಿನ ಸಾಲಿನಲ್ಲಿ ಹೇಳುವುದು. ವಿಭಕ್ತಿ ಬೇಕೇ ಬೇಕೆಂದಾದರೆ ಪ್ರತ್ಯಯ ಸೇರಿಸಿ ಇಡೀ ಪದವನ್ನು ದಪ್ಪ ಮಾಡುವುದು.

ಸುಂಕ ಸೇರಿಲ್ಲ ಎಂದು ತೋರಿಸಲು ಬೆಲೆಯ ಪಕ್ಕ ಒಂಟಿ ನಕ್ಷತ್ರ ಹಾಕುವ ರೂಢಿ ಇತ್ತು. ಅದು ಇನ್ನೊಂದು ನಕ್ಷತ್ರದ ಜೊತೆ ಜೋಡಿಯಾಗಿ ಬೇಡದ ಭಾಗವನ್ನು ದಪ್ಪ ಮಾಡುತ್ತಿತ್ತು. 'ಸುಂಕ ಬೇರೆ' ಎಂದು ಕೊನೆಯಲ್ಲಿ ಅಕ್ಷರದಲ್ಲೇ ಬರೆದೆ.

7. ವಾಟ್ಸ್‌ಆ್ಯಪ್‌ಗೆ ಸಾಗಿಸುವುದು

ಇದು ಇನ್ನೂ ಕೈಯಿಂದಲೇ. ಅನಧಿಕೃತ ದಾರಿಗಳಿವೆ, ಆದರೆ ಸಂಖ್ಯೆಗೇ ನಿರ್ಬಂಧ ಬೀಳುವ ಅಪಾಯವಿರುವಾಗ ಗುಂಪಿನ ನಿರ್ವಾಹಕಿಯ ಸಂಖ್ಯೆಯಲ್ಲಿ ಅದನ್ನು ಮಾಡಲಾರೆ. ಬಾಟ್ ನನಗೆ ಪ್ರತ್ಯೇಕವಾಗಿ ವಾಟ್ಸ್‌ಆ್ಯಪ್ ರೂಪದ ಪಟ್ಟಿಯನ್ನು ಕಳುಹಿಸುತ್ತದೆ. ಅದನ್ನು ಟೆಲಿಗ್ರಾಂನ ಕೋಡ್ ಪೆಟ್ಟಿಗೆಯೊಳಗೆ ಕಳುಹಿಸುವಂತೆ ಮಾಡಿದ್ದೇನೆ. ಹಾಗೆ ಮಾಡಿದರೆ ನಕ್ಷತ್ರಗಳು ನಕ್ಷತ್ರಗಳಾಗಿಯೇ ಉಳಿಯುತ್ತವೆ, ಪೆಟ್ಟಿಗೆಯನ್ನು ಮುಟ್ಟಿದರೆ ಇಡೀ ಪಠ್ಯ ನಕಲಾಗುತ್ತದೆ, ವಾಟ್ಸ್‌ಆ್ಯಪ್‌ಗೆ ಅಂಟಿಸಿದ ಕೂಡಲೇ ದಪ್ಪಕ್ಷರ ಬರುತ್ತದೆ. ಇದಕ್ಕೆ ಮೊದಲು ಗುಂಪಿಗೆ ಹೋದ ಅಲಂಕೃತ ಸಂದೇಶವನ್ನೇ ನಕಲಿಸುತ್ತಿದ್ದೆ. ಅದರಲ್ಲಿ ಗುರುತುಗಳು ಕಳಚಿ ಬರಿಯ ಪಠ್ಯ ಬರುತ್ತಿತ್ತು.

2024ರ ಫೆಬ್ರುವರಿಯಲ್ಲಿ ವಾಟ್ಸ್‌ಆ್ಯಪ್ ಪಟ್ಟಿ, ಅಂಕಿಪಟ್ಟಿ, ಉದ್ಧರಣೆ, ಸಾಲಿನೊಳಗಿನ ಕೋಡ್ ಎಂಬ ನಾಲ್ಕು ಹೊಸ ಗುರುತುಗಳನ್ನು ಸೇರಿಸಿತು. ಉದ್ಧರಣೆಯ > ಗುರುತನ್ನು ವರ್ತಕರ ಟಿಪ್ಪಣಿಗೆ ಬಳಸುತ್ತೇನೆ, ಹಳೆಯ ಆವೃತ್ತಿಯಲ್ಲಿ ಚಿಹ್ನೆ ಹಾಗೆಯೇ ಕಂಡರೂ ಓದಿಗೆ ಅಡ್ಡಿಯಿಲ್ಲ. ಅಂಕಿಪಟ್ಟಿ ಬೇಕೆಂದರೆ 1. ಎಂದೇ ಬರೆಯಬೇಕು, ೧. ಎಂದರೆ ನಮ್ಮಲ್ಲಿ ಪಟ್ಟಿಯಾಗಲಿಲ್ಲ. ಬಹಳ ಉದ್ದವಾದರೆ ಸಂದೇಶ ಮಡಚಿಕೊಂಡು ಕೊನೆಯ ಮಾರುಕಟ್ಟೆಗಳು ಒಳಗೆ ಅಡಗುತ್ತವೆ. ಕೆಲವರು ಬಿಚ್ಚಿ ನೋಡುವುದೇ ಇಲ್ಲ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಒಂದು ಸಂದೇಶ, ಸಾಗರ, ಶಿವಮೊಗ್ಗ ಇನ್ನೊಂದು.

8. ಕೇಳಿ ನೋಡಿದ್ದು

ಗುಂಪಿನಲ್ಲಿ ದೃಷ್ಟಿ ಮಂದವಾದ ಅಜ್ಜರೊಬ್ಬರಿದ್ದಾರೆ. ಅವರು ಟಾಕ್‌ಬ್ಯಾಕ್ (ತೆರೆಯ ಮೇಲಿನದನ್ನು ಓದಿ ಹೇಳುವ ಸಾಧನ) ಹಾಕಿ ಸಂದೇಶಗಳನ್ನು ಕೇಳುತ್ತಾರೆ. ಅವರ ಪಕ್ಕ ಕುಳಿತು ಪಟ್ಟಿಯನ್ನು ಕೇಳಿದೆ. ಮಾರುಕಟ್ಟೆಗಳ ನಡುವೆ ನಾನು ಅಂದಕ್ಕೆಂದು ಎಳೆದ ===== ಗೆರೆಯನ್ನು ಯಂತ್ರ ಓದುತ್ತಲೇ ಹೋಯಿತು. ಏರಿಕೆಗೆ ಹಸಿರು ವೃತ್ತ, ಇಳಿಕೆಗೆ ಕೆಂಪು ವೃತ್ತ ಹಾಕಿದ್ದೆ, ಪ್ರತಿ ಸಾಲಿನಲ್ಲೂ ಆ ಚಿತ್ರದ ಹೆಸರು ಬಂದು ಬೆಲೆ ಹಿಂದೆ ಬಿತ್ತು. ಬಣ್ಣ ಗುರುತಿಸಲು ಕಷ್ಟವಿರುವವರಿಗೂ ಹಸಿರು ಕೆಂಪಿನ ಜೋಡಿ ಒಳ್ಳೆಯದಲ್ಲ. ಗೆರೆಯ ಬದಲು ಒಂದು ಖಾಲಿ ಸಾಲು, ವೃತ್ತದ ಬದಲು 'ಏರಿಕೆ 300', 'ಇಳಿಕೆ 200' ಎಂಬ ಮಾತು ಹಾಕಿದೆ. 'ರೂ.' ಎಂಬುದನ್ನು ಪ್ರತಿ ಸಾಲಿನಿಂದ ತೆಗೆದು 'ಕ್ವಿಂಟಾಲ್‌ಗೆ, ರೂಪಾಯಿಗಳಲ್ಲಿ' ಎಂದು ಮೇಲೆ ಒಮ್ಮೆ ಬರೆದೆ. ಅಜ್ಜರು ಮತ್ತೆ ಕೇಳಿ, "ಈಗ ರೇಡಿಯೊದಲ್ಲಿ ಓದಿದ ಹಾಗಿದೆ, ಇಷ್ಟೇ ಸಾಕು" ಎಂದರು. ಈ ತಿದ್ದುಪಡಿಯಿಂದ ಕಣ್ಣಿನಿಂದ ಓದುವವರಿಗೂ ಪಟ್ಟಿ ಚಿಕ್ಕದಾಯಿತು.

9. ಉಳಿದಿರುವುದು

ಕಾಳುಮೆಣಸು ಮತ್ತು ಏಲಕ್ಕಿಯ ಧಾರಣೆಯನ್ನೂ ಸೇರಿಸಲು ಕೇಳುತ್ತಿದ್ದಾರೆ. ಏಲಕ್ಕಿಯದು ಕಿಲೋ ಲೆಕ್ಕ, ಅಡಿಕೆಯದು ಕ್ವಿಂಟಾಲ್ ಲೆಕ್ಕ. ಒಂದೇ ಪೆಟ್ಟಿಗೆಯಲ್ಲಿ ಎರಡು ಅಳತೆ ಬಂದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ, ಆದ್ದರಿಂದ ಬೇರೆ ಸಂದೇಶವನ್ನೇ ಮಾಡಬೇಕು. ಬೆಲೆ ಲಕ್ಷ ದಾಟಿದರೆ 1,02,300 ಎಂದು ಎಂಟು ಸ್ಥಾನ ಬೇಕಾಗುತ್ತದೆ, ಈಗಿನ ಆರರ ಅಗಲ ಸಾಲದು. ಎಂಟಕ್ಕೆ ಏರಿಸಿದರೆ ದೊಡ್ಡ ಅಕ್ಷರ ಇಟ್ಟುಕೊಂಡ ಆ ಹಳೆಯ ಫೋನಿನಲ್ಲಿ 'ತಟ್ಟಿಬೆಟ್ಟೆ' ಕೆಳಗಿನ ಸಾಲಿಗೆ ಇಳಿಯುತ್ತದೆ. ಕನಿಷ್ಠ ಬೆಲೆಯ ಕಾಲಂ ಅನ್ನು ತೆಗೆಯಬಹುದೇ ಎಂದು ಗುಂಪಿನಲ್ಲಿ ಕೇಳಿದ್ದೇನೆ, ಉತ್ತರಗಳು ಬರುತ್ತಿವೆ.